ವ ಒತ್ತಿನ ಸೇಡು

ನಾನು ಮನೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರ ಇಟ್ಟುಕೊಂಡದ್ದು ಹವ್ಯಾಸಕ್ಕೆ ಎಂದು ಆಫೀಸಿನಲ್ಲಿ ಎಲ್ಲರೂ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನಾನು ಅದನ್ನು ತಂದದ್ದು ಒಬ್ಬ ಮನುಷ್ಯನ ಸೊಕ್ಕು ಮುರಿಯಲಿಕ್ಕೆ.

ಅವ್ವ ಅಂಕೋಲೆಯ ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತು ನನ್ನನ್ನು ಸಾಕಿದವಳು. ಅಪ್ಪ ಸತ್ತಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಚಿಕ್ಕ ವಯಸ್ಸಿನ ವಿಧವೆ, ದಿನಾ ಗಂಡಸರ ಜೊತೆ ಚೌಕಾಶಿ ಮಾಡಬೇಕು, ಆದರೂ ತನ್ನ ಬಗ್ಗೆ ಒಂದು ಮಾತು ಹುಟ್ಟದ ಹಾಗೆ ಬದುಕಿದಳು. ಅವಳು ತೀರಿಕೊಂಡು ವರ್ಷ ತುಂಬುವಾಗ, ಅವಳು ಕೂರುತ್ತಿದ್ದ ಜಾಗದ ಹಿಂದೆ, ಉಳಿದ ಹೆಂಗಸರು ಬೆನ್ನು ಒರಗಿಸಿ ಕೂರಲಿ ಎಂದು ಒಂದು ಬೆಂಚು ಹಾಕಿಸಿದೆ. ಅದಕ್ಕೆ ಹಚ್ಚಲು ‘ಅವ್ವನ ನೆನಪಿಗೆ’ ಎಂದು ಕೊರೆದ ಹಲಗೆಯನ್ನು ಕಾರವಾರದ ಒಂದು ಅಂಗಡಿಯಲ್ಲಿ ಮಾಡಿಸಿದೆ. ಹೆಸರು ಬೇಕಿರಲಿಲ್ಲ, ಪೇಟೆಗೆಲ್ಲ ಅವಳು ಅವ್ವನೇ ಆಗಿದ್ದಳು. ಅಂಗಡಿಯವನು ನಮ್ಮ ಅಂಕೋಲೆಯವನೇ, ಬೆಳಿಗ್ಗೆ ಆಫೀಸಿಗೆ ನಾನು ಹತ್ತುವ ಬಸ್ಸನ್ನೇ ಹತ್ತುವವ.

ಪೇಪರು ಸುತ್ತಿ, ಟೇಪು ಅಂಟಿಸಿ ಕೊಟ್ಟಿದ್ದ. ಎಲ್ಲರ ಎದುರಿಗೆ ಬಿಚ್ಚೋಣ ಎಂದು ಹಾಗೇ ಪೇಟೆಗೆ ಒಯ್ದೆ. ಬಿಚ್ಚಿದಾಗ, ಮೀನಿಗೆ ಬಂದಿದ್ದ ಒಬ್ಬ ಜೋರಾಗಿ ಓದಿದ: “ಅವನ ನೆನಪಿಗೆ.” ವ ಒತ್ತು ಇರಲಿಲ್ಲ. ಅವನ ಪಕ್ಕದವನು “ಅವ ಅಂದ್ರೆ ಯಾರೋ?” ಎಂದ. ಇಬ್ಬರೂ ನಕ್ಕರು. ಬದುಕಿರುವಾಗ ಯಾರೂ ಕೇಳಲಾಗದ ಪ್ರಶ್ನೆಯನ್ನು ಸತ್ತಮೇಲೆ ನಾನೇ ಅವಳ ಮೇಲೆ ಹಚ್ಚಿದಂತಾಯಿತು.

ಮರುದಿನ ಹಲಗೆ ಹಿಡಿದುಕೊಂಡು ಅಂಗಡಿಗೆ ಹೋದೆ. ಅವನಿಗೆ ಒಂದಿಷ್ಟೂ ಬೇಜಾರಿಲ್ಲ.

“ಓ, ಆ ಬಾಲವಾ? ಅಕ್ಷರದ ಕೆಳಗೆ ಬಿಡಿಯಾಗಿ ಕಂಡ್ತು. ಕಸ ಅಂದ್ಕಂಡು ಅಳಿಸ್ಬಿಟ್ಟೆ.”

“ಹೊಸದು ಮಾಡ್ಕೊಡಿ.”

“ಮೀನ್ ಪೇಟ್ಯಲ್ಲಿ ಒತ್ತಕ್ಷರ ಯಾರ್ ನೋಡ್ತ್ರು ತಂಗಿ? ಹಾಂಗೇ ಇರ್ಲಿ ಬಿಡು.”

ಮೈಯೆಲ್ಲ ಉರಿದುಹೋಯಿತು. ನಾನೇ ಕೊರೆಯುತ್ತೇನೆ ಎಂದೆ. “ಇದು ಬಾಂಗ್ಡೆ ಮೀನ್ ಕೊಯ್ದಾಂಗಲ್ಲ” ಎಂದು ನಕ್ಕ. ಆ ನಗುವನ್ನು ಅವನ ಬಾಯಿಯಲ್ಲೇ ತುರುಕಬೇಕು ಎಂದುಕೊಂಡು ಹೊರಬಂದೆ.

ಸಣ್ಣ ಯಂತ್ರದ ಮೈ ಸುಲಭವಾಗಿ ಸಿಕ್ಕಿತು: ಚೌಕಟ್ಟು, ಮೂರು ಮೋಟಾರು, ಕೊರೆಯುವ ಅಲಗು. ಅದಕ್ಕೆ ತಲೆ, ಅಂದರೆ ಕಂಪ್ಯೂಟರು, ಆರಿಸುವುದೇ ದೊಡ್ಡ ಕೆಲಸ. ಹಳೇ ಕಂಪ್ಯೂಟರ್ ಮಾರುವವನು, ಹಿಂದೆ ಪ್ರಿಂಟರಿಗೆ ಬಳಸುತ್ತಿದ್ದ ಅಗಲ ಪೋರ್ಟು ಇರುವ ಡೆಸ್ಕ್‌ಟಾಪು ತೋರಿಸಿದ. ಹಲಗೆ ಕೊರೆದವನ ಕಂಪ್ಯೂಟರಿಗೂ ಅಂಥದ್ದೇ ಪೋರ್ಟು ಇತ್ತು. ಮೋಟಾರಿನ ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರೇ ಎಣಿಸಿ ಆ ಪೋರ್ಟಿನಿಂದ ಕಳಿಸುತ್ತದೆ. ನಾನು ಅದರಲ್ಲಿ ‘ಅವ್ವ’ ಎಂದು ಟೈಪು ಮಾಡಿ ನೋಡಿದೆ. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಒಡೆದು ನಿಂತಿತು. ಅವ್ವನನ್ನು ಬರೆಯಲು ಬಾರದ ಕಂಪ್ಯೂಟರು ಪುಕ್ಕಟೆ ಕೊಟ್ಟರೂ ಬೇಡ ಎಂದು ಹೇಳಿ ಎದ್ದೆ.

ಒತ್ತು ಸರಿಯಾಗಿ ತೋರಿಸುವ, ಬಳಸಿದ ಲ್ಯಾಪ್‌ಟಾಪು ತಗೊಂಡೆ. ಸಮುದ್ರದ ಗಾಳಿಗೆ ತುಕ್ಕು ಹಿಡಿಯದಂತೆ ಮುಚ್ಚಿಡಲಿಕ್ಕೂ ಅದೇ ಅನುಕೂಲ. ಆದರೆ ಅದಕ್ಕೆ ಅಗಲ ಪೋರ್ಟಿಲ್ಲ. ಪೋರ್ಟು ಬದಲಿಸುವ ಒಂದು ಕೇಬಲ್ಲು ಇದೆಯಲ್ಲ ಎಂದ ಮಾರುವವನು. ಅದು ಕಾಗದ ಮುದ್ರಿಸಲಿಕ್ಕೆ ಸಾಕು, ಮೋಟಾರಿಗೆ ಬೇಕಾದ ಒಂದೇ ಸಮನಾದ ತಾಳ ಅದರಲ್ಲಿ ಬರುವುದಿಲ್ಲ. ಹಾಗಾಗಿ ಯುಎಸ್‌ಬಿಯಲ್ಲಿ ಜೋಡಿಸುವ, ಹೆಜ್ಜೆಗಳನ್ನು ತಾನೇ ಎಣಿಸುವ ಕಂಟ್ರೋಲರ್ ಕಾರ್ಡು ತರಿಸಿದೆ. ಲ್ಯಾಪ್‌ಟಾಪು ಎಲ್ಲಿಗೆ ಹೋಗಬೇಕೆಂದು ಹೇಳಿದರಾಯಿತು, ನಡೆಸುವುದು ಕಾರ್ಡಿನ ಕೆಲಸ.

ಆಮೇಲೂ ಆ ಎರಡೂ ನನ್ನನ್ನು ಸತಾಯಿಸದೆ ಬಿಡಲಿಲ್ಲ. ಅಲಗು ತಿರುಗಲು ಶುರುವಾದ ಕೂಡಲೇ ಯುಎಸ್‌ಬಿ ಸಂಪರ್ಕ ಕಡಿಯುತ್ತಿತ್ತು. ಕೇಬಲ್ಲು ಬದಲಿಸಿ, ಅರ್ಥಿಂಗ್ ಸರಿ ಮಾಡಿಸಿದೆ. ಇನ್ನೊಂದು ಸಲ ಅರ್ಧ ಕೊರೆಯುವಾಗ ಲ್ಯಾಪ್‌ಟಾಪು ತಾನಾಗಿ ನಿದ್ದೆಹೋಯಿತು. ಅಲಗು ನಿಂತಲ್ಲೇ ತಿರುಗಿ ಮರ ಸುಟ್ಟಿತು. ನನಗೆ ನಿದ್ದೆ ಕೆಟ್ಟು ತಿಂಗಳುಗಳಾಗಿವೆ, ನಿನಗೆಂಥದು ನಿದ್ದೆ ಎಂದು ಅದನ್ನು ಬೈದು, ಆ ಸೆಟ್ಟಿಂಗನ್ನೇ ತೆಗೆದುಹಾಕಿದೆ.

ಕೊನೆಗೆ ಹೊಸ ಹಲಗೆ ಇಟ್ಟು ಅಕ್ಷರ ಜೋಡಿಸಿದಾಗ ಪರದೆಯ ಮೇಲೆ ಒತ್ತು ನಿಜವಾಗಿಯೂ ಬಿಡಿ ಚೂರಿನ ಹಾಗೆ ಕೆಳಗೆ ಬಿದ್ದಿತ್ತು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಸಲ ಬಾಯಿಬಿಟ್ಟು ಓದಿದ್ದರೆ ಅದು ಕಸವಲ್ಲ ಎಂದು ತಿಳಿಯುತ್ತಿತ್ತು. ಮೀನು ಮಾರುವವಳ ಹಲಗೆ ತಾನೇ ಎಂದು ಅವನು ಓದುವ ಗೋಜಿಗೇ ಹೋಗಲಿಲ್ಲ. ನಾನು ಒತ್ತನ್ನು ಉಳಿದ ಅಕ್ಷರಗಳಿಗಿಂತ ಆಳವಾಗಿ ಕೊರೆಸಿದೆ.

ಒಂದು ಭಾನುವಾರ ಬೆಳಿಗ್ಗೆ ಅದನ್ನು ಬೆಂಚಿಗೆ ಹಚ್ಚಿ ಅಲ್ಲೇ ಕೂತೆ. ಅಂಗಡಿಯವನು ಮೀನಿಗೆ ಚೀಲ ಹಿಡಿದು ಬಂದೇ ಬರುತ್ತಾನೆ ಎಂದು ಗೊತ್ತಿತ್ತು. ಅವ್ವನ ಪಕ್ಕದಲ್ಲಿ ಬುಟ್ಟಿ ಇಡುತ್ತಿದ್ದ ಮುದುಕಿಯನ್ನು ನಾನು ಚಿಕ್ಕಮ್ಮನ ಲೆಕ್ಕದಲ್ಲಿ ಮಾವಶಿ ಎನ್ನುತ್ತೇನೆ. ಅವಳಿಗೆ ಎಲ್ಲ ಹೇಳಿಟ್ಟಿದ್ದೆ.

ಅವನು ಬಂದು ಅವಳ ಬುಟ್ಟಿಯ ಮುಂದೆ ಬಗ್ಗಿದ.

“ತಮಾ, ಆ ಹಲ್ಗಿ ಮೇಲೆ ಎಂತ ಬರ್ದದೆ, ಓದ್ ನೋಡ್ವ. ನಂಗೆ ಓದೂಕೆ ಬರೂದಿಲ್ಲ” ಎಂದಳು ಮಾವಶಿ.

ಅವನು ನನ್ನನ್ನು ನೋಡಿದ. “ಅವ್ವನ ನೆನಪಿಗೆ” ಎಂದು ಬಾಯೊಳಗೇ ಅಂದ.

“ಕೇಳ್ಲಿಲ್ಲ.”

ಮತ್ತೆ ಓದಿದ, ಈ ಸಲ ಎಲ್ಲರಿಗೂ ಕೇಳುವ ಹಾಗೆ.

ಮಾವಶಿ ಬುಟ್ಟಿಯ ಮೇಲೆ ಬಟ್ಟೆ ಎಳೆದಳು. “ನಿಂಗೆ ಮೀನಿಲ್ಲ, ಹೋಗು.”

ಪಕ್ಕದ ಬುಟ್ಟಿಗೆ ಸರಿದ. ಆ ಹೆಂಗಸೂ ಮುಚ್ಚಿದಳು. ಸಾಲಿಗೆ ಸಾಲೇ ಮುಚ್ಚಿತು. “ನೀನಾದ್ರೂ ಹೇಳು ತಂಗಿ” ಎಂದು ನನ್ನ ಹತ್ತಿರ ಬಂದ. ನಾನು ಹಲಗೆಯ ಕಡೆ ಕೈ ತೋರಿಸಿದೆ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಅವನು ಪೇಟೆ ದಾಟುವವರೆಗೂ ಕಣ್ಣು ಕೀಳದೆ ನೋಡಿದೆ. ಪಾಪ ಅನಿಸಲಿಲ್ಲ, ಇವತ್ತಿಗೂ ಅನಿಸುವುದಿಲ್ಲ.

ಮಾವಶಿ ಬಟ್ಟೆ ತೆಗೆದು ಇಸವಣ ಮೀನಿನ ದಪ್ಪ ತುಂಡು ಆರಿಸಿ ನನ್ನ ಕೈಗಿಟ್ಟಳು. ಅವ್ವ ಹೋದಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ.