ಹೊಳೆ ದಾಟಿದ ಗೋಣಿಚೀಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬೆಕ್ಕು ಕಂಡರೆ ಆಗುವುದಿಲ್ಲ. ಇದನ್ನು ಬರೆಯುವ ಧೈರ್ಯ ಬಂದದ್ದು ನನ್ನ ಹೆಂಡತಿ ಸರೋಜ ನಾನು ಬರೆದದ್ದನ್ನು ಎಂದೂ ಓದುವುದಿಲ್ಲ ಎಂಬ ಭರವಸೆಯಿಂದ. ಅವಳಿಗೆ ಪುರುಸೊತ್ತಾದರೂ ಎಲ್ಲಿದೆ? ನಮ್ಮ ತಲ್ಲೂರಿನ ಹೆದ್ದಾರಿ ಬದಿಯ ಹಳೇ ದನದ ಹಟ್ಟಿಯೊಂದರಲ್ಲಿ, ಯಾರಿಗೂ ಬೇಡವಾದ ಬೆಕ್ಕುಗಳನ್ನು ಸಾಕುವ ಕೂಟವೊಂದಿದೆ. ಅದಕ್ಕೆ ಅವಳೇ ಅಧ್ಯಕ್ಷೆ, ಅವಳೇ ಕಾರ್ಯದರ್ಶಿ. ಬ್ರಹ್ಮಾವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನ ಯೋಗ್ಯತೆಯನ್ನೂ ಗುರುತಿಸಿ ಸ್ಕೂಟರ್ ಚಾಲಕನ ಹುದ್ದೆ ಕೊಟ್ಟಿದ್ದಾಳೆ. ಒಂದು ಕಾಲದಲ್ಲಿ ಷಟ್ಪದಿಗೆ ಗಣ ಹಾಕಿಸುತ್ತಿದ್ದ ಕೈ ಈಗ ಕುಂದಾಪುರದ ಮೀನು ಮಾರುಕಟ್ಟೆಯಿಂದ ಬಂಗುಡೆಯ ತಲೆಗಳನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬರುತ್ತದೆ.

ಚಹಾ ಕುಡಿಯಲು ಹೋಟೆಲಿಗೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, "ಹ್ವಾಯ್ ಮೇಷ್ಟ್ರೇ, ಈ ಬೆಕ್ಕಿನ್ ಕೆಲ್ಸದಿಂದ ಊರಿಗ್ ಎಂತ ಪ್ರಯೋಜ್ನ ಮಾರಾಯ್ರೆ?" ಕೇಳುವವರ ಮುಖದಲ್ಲಿ ಸಮಾಜದ ಬಗ್ಗೆ ಎಂಥ ಕಳಕಳಿ! ಸಮಾಜವೂ ಇವರನ್ನು ಹೀಗೇ ಕೇಳಿಬಿಟ್ಟರೆ ಏನು ಗತಿ ಎಂದು ಯೋಚಿಸುತ್ತ ನಾನು ಚಹಾ ಮುಗಿಸುತ್ತೇನೆ.

ಪ್ರಯೋಜನ ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಪಾಪ ಬರುತ್ತದೆ, ಮುಂದಿನ ಜನ್ಮಕ್ಕೂ ಅಂಟಿಕೊಳ್ಳುತ್ತದೆ. ಅದರ ಬದಲು 'ಹೊಳೆ ದಾಟಿಸುತ್ತಾರೆ'. ಮರಿಗಳನ್ನೋ ತಾಯಿಯನ್ನೋ ಗೋಣಿಚೀಲಕ್ಕೆ ತುಂಬಿಸಿ, ಬಾಯಿ ಕಟ್ಟಿ, ಸೇತುವೆಯ ಆಚೆ ಬಿಟ್ಟು ಬಂದರೆ ಆಯಿತು. ಕಣ್ಣಿಗೆ ಕಾಣದ ದಾರಿ, ನಡುವೆ ನೀರು, ಬೆಕ್ಕು ತಿರುಗಿ ಬರುವುದಿಲ್ಲ. ಅಲ್ಲಿಂದಾಚೆ ಅದು ದೇವರ ಜವಾಬ್ದಾರಿ. ಈ ವ್ಯವಸ್ಥೆಯಲ್ಲಿ ಒಂದು ಸಣ್ಣ ತೊಡಕಿದೆ. ತಲ್ಲೂರಿನವರು ಸೇತುವೆ ದಾಟಿ ಕುಂದಾಪುರದ ಬದಿಯಲ್ಲಿ ಬಿಡುತ್ತಾರೆ, ಕುಂದಾಪುರದವರು ಸೇತುವೆ ದಾಟಿ ತಲ್ಲೂರಿನ ಬದಿಯಲ್ಲಿ ಬಿಡುತ್ತಾರೆ. ಒಟ್ಟಿನಲ್ಲಿ ಎರಡೂ ದಡದ ಬೆಕ್ಕುಗಳ ಸಂಖ್ಯೆ ಇದ್ದಷ್ಟೇ ಇರುತ್ತದೆ, ಎರಡೂ ದಡದ ಜನ ಮಾತ್ರ ಪೀಡೆ ಕಳೆಯಿತೆಂದು ಹಾಯಾಗಿ ಮಲಗುತ್ತಾರೆ.

ನಮ್ಮ ಶಾಸ್ತ್ರಗಳಲ್ಲಿ ಶರಣಾಗತಿಗೆ ಎರಡು ನ್ಯಾಯಗಳಿವೆ. ಮಂಗನ ಮರಿ ತಾಯಿಯನ್ನು ತಾನೇ ತಬ್ಬಿ ಹಿಡಿಯುವುದು ಮರ್ಕಟ ಕಿಶೋರ ನ್ಯಾಯ. ಬೆಕ್ಕಿನ ಮರಿ ಸುಮ್ಮನಿದ್ದು, ತಾಯಿಯೇ ಅದನ್ನು ಕಚ್ಚಿಕೊಂಡು ಹೋಗುವುದು ಮಾರ್ಜಾಲ ಕಿಶೋರ ನ್ಯಾಯ. ಹಿಂದಿನ ಪಂಡಿತರು ಇದರ ಮೇಲೆ ತಲೆಮಾರುಗಟ್ಟಲೆ ವಾದಿಸಿದರಂತೆ. ಅವರು ಕುಂದಾಪುರದ ಕಡೆ ಬಂದಿದ್ದರೆ ಮೂರನೆಯದೊಂದು ಸಿಗುತ್ತಿತ್ತು. ಅದಕ್ಕೆ ನಾನು ಗೋಣಿ ನ್ಯಾಯ ಎಂದು ಹೆಸರಿಟ್ಟಿದ್ದೇನೆ.

ಈಗ ಪ್ರಯೋಜನಕ್ಕೆ ಬರೋಣ. ಸರೋಜನ ಕೂಟ ಶುರುವಾದ ಮೇಲೆ ಸೇತುವೆ ದಾಟುವ ಶ್ರಮವೇ ತಪ್ಪಿದೆ. ಬೆಳಿಗ್ಗೆ ಬೇಗ ಎದ್ದು ಹಟ್ಟಿಯ ಗೇಟಿನ ಮುಂದೆ ಗೋಣಿ ಇಟ್ಟರೆ ಮುಗಿಯಿತು. ಪೆಟ್ರೋಲ್ ಉಳಿಯಿತು, ಪಾಪ ಉಳಿಯಿತು, ಬೆಳಗಿನ ವಾಕಿಂಗೂ ಆಯಿತು. ಇಟ್ಟುಹೋದವರೇ ಸಂಜೆ ಹೋಟೆಲಿನಲ್ಲಿ ಕುಳಿತು, "ಸರೋಜಕ್ಕಂಗೆ ಬೇರೆ ಕೆಲ್ಸ ಇಲ್ಯಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಉಪಯೋಗಿಸಿಕೊಂಡು ಸಂಜೆ ಹೀಯಾಳಿಸಲು ಸಿಗುವ ಸಂಸ್ಥೆ ಊರಿನಲ್ಲಿ ಬೇರೆ ಯಾವುದಿದೆ?

ಇನ್ನೊಂದು ಪ್ರಯೋಜನ ಐತಾಳರದು. ಇವರು ಕೋಟದ ಕಡೆಯ ನಿವೃತ್ತ ಅರ್ಚಕರು. ಹೆಂಡತಿ ತೀರಿಕೊಂಡ ಮೇಲೆ ತಲ್ಲೂರಿನ ಮಗಳ ಮನೆಗೆ ಬಂದು, ಮಾತೇ ಬಿಟ್ಟು ಕುಳಿತಿದ್ದರು. ಒಂದು ದಿನ ಹಟ್ಟಿಯ ಮುಂದಿನಿಂದ ಹೋಗುವಾಗ ಬಿಳಿ ಬೆಕ್ಕೊಂದು ಅಡ್ಡ ಬಂತು. ಅಪಶಕುನ ಕಳೆಯಲೆಂದು ಬೆಂಚಿನ ಮೇಲೆ ಸ್ವಲ್ಪ ಕುಳಿತರು. ಏಳುವ ಹೊತ್ತಿಗೆ ಇನ್ನೊಂದು ಅಡ್ಡ ಬಂತು. ಅಲ್ಲಿ ಬೆಕ್ಕಿಗೇನು ಬರವೇ? ಹೀಗೆ ದಿನಾ ಅಪಶಕುನ ಕಳೆಯುತ್ತ ಅವರು ಅಲ್ಲಿಯ ಖಾಯಂ ಸದಸ್ಯರೇ ಆದರು. ಮೀನು ಮುಟ್ಟುವುದಿಲ್ಲ, ಮೀನಿನ ಡಬ್ಬಿಯಿಂದ ಮಾರು ದೂರ. ಆದರೆ ಸರೋಜನ ಜೊತೆಗಾತಿ ಫಿಲೋಮಿನಾ ಬಾಯಮ್ಮ ತಟ್ಟೆಗೆ ಮೀನು ಹಾಕುವಾಗ ದೂರದಿಂದಲೇ ಕೂಗುತ್ತಾರೆ, "ಬಾಯಮ್ಮ, ಆ ಕರಿದಕ್ಕೆ ಬಂಗ್ಡೆ ಆತಿಲ್ಲೆ, ಬೈಗೆ ಹಾಕಿ!" ಬೈಗೆ ಎಂಬ ಸಣ್ಣ ಮೀನಿಗೂ ಬಂಗುಡೆಗೂ ಇರುವ ಭೇದ ಐತಾಳರಿಗೆ ತಿಳಿದದ್ದು ಅವರ ವಂಶದಲ್ಲೇ ಮೊದಲಿರಬೇಕು. ಐತಾಳರು ದಿನಕ್ಕೆ ನಾಲ್ಕು ಮಾತಾಡುವುದು ಆ ಬೆಂಚಿನ ಮೇಲೆ ಮಾತ್ರ ಎಂದು ಅವರ ಮಗಳು ಒಮ್ಮೆ ಸರೋಜನ ಕೈ ಹಿಡಿದು ಹೇಳಿದ್ದಳು. ಅಂದಿನಿಂದ ನಾನು ಬೈಗೆಯನ್ನು ಬೇರೆ ಡಬ್ಬಿಯಲ್ಲೇ ತರತೊಡಗಿದೆ.

ಇಷ್ಟೆಲ್ಲ ಲೋಕಕಲ್ಯಾಣ ನಡೆಯುತ್ತಿದ್ದ ಹಟ್ಟಿ ಹೊಸಮನೆ ಶೆಟ್ಟರದ್ದು. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ದೊಡ್ಡ ಮನುಷ್ಯ. ದನಗಳಿಲ್ಲದ ಹಟ್ಟಿಯನ್ನು ಸರೋಜನಿಗೆ ಸುಮ್ಮನೆ ಬಿಟ್ಟುಕೊಟ್ಟಿದ್ದರು. ಈ ಮಳೆಗಾಲದಲ್ಲಿ ನೆರೆಹೊರೆಯವರು ಅವರ ಕಿವಿ ಕಚ್ಚತೊಡಗಿದರು. ಮೀನಿನ ವಾಸನೆಯಂತೆ, ಬೆಳಿಗ್ಗೆದ್ದರೆ ಬೆಕ್ಕಿನ ದರ್ಶನವಂತೆ. ಮೀನಿಲ್ಲದೆ ಒಂದು ತುತ್ತೂ ಇಳಿಯದವರಿಗೇ ಮೀನಿನ ವಾಸನೆ ಬಂದದ್ದು ವಿಶೇಷ. ಶೆಟ್ಟರು ಹೇಳಿ ಕಳಿಸಿದರು: ಭಾನುವಾರ ಎಲ್ಲರೂ ಹಟ್ಟಿಯಲ್ಲೇ ಸೇರುವುದು, ಮಾತಾಡಿ ಜಾಗ ಖಾಲಿ ಮಾಡಿಸುವುದು. ಸರೋಜ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಇಷ್ಟೊಂದು ಬೆಕ್ಕುಗಳನ್ನು ಎಲ್ಲಿಗೆ ಸಾಗಿಸುವುದು? ಐತಾಳರು ಮತ್ತೆಲ್ಲಿ ಹೋಗಿ ಕೂರುವುದು? ನಾನೂ ಹೋಟೆಲಿನ ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಬೆಕ್ಕು ಕಂಡರಾಗದವನಿಗೆ ಈ ಸಂಕಟ ಯಾಕೆ ಎಂದು ಮಾತ್ರ ಕೇಳಬೇಡಿ.

ಭಾನುವಾರ ಬಂತು, ಮಳೆಯೂ ಬಂತು. ಶೆಟ್ಟರು ಮುಂದೆ, ದೂರುವವರ ಹಿಂಡು ಹಿಂದೆ. ಹಟ್ಟಿಯಲ್ಲಿ ಕುರ್ಚಿಗಳಿರಲಿಲ್ಲ. ಸರೋಜ ನೆಲದ ಮೇಲೆ ಸಾಲಾಗಿ, ತೊಳೆದು ಒಣಗಿಸಿದ ಗೋಣಿಗಳನ್ನು ಹಾಸಿದ್ದಳು.

"ನೆಲ ಚಂಡಿ ಇತ್ತ್. ಕೂಕಣಿ, ಚಾ ತತ್ತೆ," ಎಂದು ಒದ್ದೆ ನೆಲದ ಮೇಲಿನ ಗೋಣಿಗಳತ್ತ ಕೈ ತೋರಿಸಿದಳು.

ಇಲ್ಲಿ ನಮ್ಮ ಇನ್ನೊಂದು ಪದ್ಧತಿ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯದು. ಕುಚ್ಚಲಕ್ಕಿ ಮಾಡಿಸಲು ಭತ್ತವನ್ನು ಮಿಲ್ಲಿಗೆ ಕಳಿಸುವಾಗ ಚೀಲ ಅದಲುಬದಲಾಗಬಾರದೆಂದು ಗೋಣಿಯ ಮೇಲೆ ಬಣ್ಣದಲ್ಲಿ ಮನೆಯ ಹೆಸರು ಬರೆಯುತ್ತಾರೆ. ಎಲ್ಲರೂ ಬರೆಯುತ್ತಾರೆ, ದಪ್ಪಕ್ಕೆ ಬರೆಯುತ್ತಾರೆ. ಬೆಕ್ಕನ್ನು ತುಂಬಿಸುವ ಗಡಿಬಿಡಿಯಲ್ಲಿ ಕೈಗೆ ಸಿಗುವುದೂ ಅದೇ ಗೋಣಿ. ಅಲ್ಲಿ ಹಾಸಿದ್ದ ಸಾಲು ಹೀಗಿತ್ತು: ಬಾವಿಮನೆ, ತೋಟದಮನೆ, ಕೆಳಮನೆ, ಮೇಲ್ಮನೆ. ನಟ್ಟನಡುವೆ, ನೀಲಿ ಬಣ್ಣದಲ್ಲಿ, ಹೊಸಮನೆ.

ಎಲ್ಲರ ಕಣ್ಣೂ ಆ ಹೆಸರುಗಳ ಮೇಲೆ ಓಡಿತು. ಮರುಕ್ಷಣ ಪ್ರತಿಯೊಬ್ಬರೂ ತಮ್ಮ ತಮ್ಮ ಗೋಣಿಯನ್ನು ಹುಡುಕಿ ಅದರ ಮೇಲೆ ದಬಕ್ಕನೆ ಕುಳಿತರು. ನನ್ನ ಮೇಷ್ಟ್ರುಗಿರಿಯ ಅಷ್ಟೂ ವರ್ಷಗಳಲ್ಲಿ ಒಂದು ತರಗತಿಯನ್ನೂ ಅಷ್ಟು ಬೇಗ ಕೂರಿಸಿದ್ದಿಲ್ಲ. ಕೂರುವುದು ಸುಲಭ, ಏಳುವುದು ಕಷ್ಟ. ಎದ್ದರೆ ಹೆಸರು ಕಾಣುತ್ತದಲ್ಲ! ಐದು ನಿಮಿಷದ ಮಾತು ಎಂದು ಬಂದವರು ಮಳೆ ನಿಂತರೂ ಅಲುಗಾಡಲಿಲ್ಲ. ಚಹಾ ಬಂತು, ಮತ್ತೊಮ್ಮೆ ಬಂತು. ಐತಾಳರು ತಮ್ಮ ಬೆಂಚಿನಿಂದ ಒಂದೊಂದು ಬೆಕ್ಕಿನ ಸ್ವಭಾವ, ಊಟ, ನಿದ್ರೆಗಳನ್ನು ಸಾವಕಾಶವಾಗಿ ವಿವರಿಸಿದರು. ಹೀಗೆ ಹೊತ್ತು ಕಳೆಯುತ್ತಿರುವಾಗ ಬೆಕ್ಕುಗಳಿಗೂ ಧೈರ್ಯ ಬಂತು. ಬೂದು ಬಣ್ಣದ ಮರಿಯೊಂದು ಶೆಟ್ಟರ ಪಂಚೆಯ ಮಡಿಲು ಹತ್ತಿ, ಮೂರು ಸುತ್ತು ಸುತ್ತಿ, ನಿದ್ದೆ ಹೋಯಿತು. ಶೆಟ್ಟರು ಅದನ್ನು ನೋಡಿದರು, ಛಾವಣಿ ನೋಡಿದರು. ಆಮೇಲೆ ಹೇಳಿದರು:

"ಆ ಮೂಲೆಯಂಗೆ ಹೆಂಚ್ ಸೋರ್ತ್ ಅಲ್ದಾ ಸರೋಜಕ್ಕ? ನಾಳಿಕ್ ಜನ ಕಳಿಸ್ತೆ, ಸರಿ ಮಾಡ್ಸುವ."

ಖಾಲಿ ಮಾಡಿಸುವ ಮಾತು ಅಲ್ಲಿಗೆ ಮುಗಿಯಿತು. ಅವರೆಲ್ಲ ಎದ್ದು ಹೋದದ್ದು ಸರೋಜ ಉಪಾಯವಾಗಿ, ಗ್ಲಾಸು ತೊಳೆಯುವ ನೆಪದಲ್ಲಿ, ಕೂಟದವರಾದ ನಮ್ಮೆಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ ಮೇಲೆ.

ತಿರುಗಿ ಬಂದು ಗೋಣಿ ಮಡಚುತ್ತ ನಾನು ನಕ್ಕು ನಕ್ಕು ಸುಸ್ತಾದೆ. ಬಾಗಿಲ ಬಳಿ, ಸರೋಜ ಕುಳಿತಿದ್ದ ಜಾಗದಲ್ಲಿ, ಒಂದು ಹಳೇ ಜೀರ್ಣ ಗೋಣಿ ಉಳಿದಿತ್ತು. ಎತ್ತಿ ನೋಡಿದೆ. ಮಾಸಿದ ಕೆಂಪು ಅಕ್ಷರ: ಕಟ್ಟಿನಮನೆ. ನಮ್ಮದೇ ಮನೆ.

ನನ್ನ ನಗು ನಿಂತಿತು. ಸರೋಜ ಗೋಣಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಮದಿ ಆಯಿ ಈ ಮನಿಗ್ ಬಂದ್ ವರ್ಷ. ಅತ್ತೆ ಹೇಳಿದ್ರ್, ನಾ ಒಂದ್ ಬೆಕ್ಕಿನ್ ಮರಿನ ಹೊಳಿ ದಾಟ್ಸಿ ಬಂದೆ. ರಾತ್ರಿ ಇಡೀ ನಿದ್ರಿ ಬರ್ಲಿಲ್ಲೆ. ಬೆಳಿಗ್ಗೆ ಇದೇ ಗೋಣಿ ಹಿಡ್ಕಂಡ್ ಹುಡ್ಕುಕ್ ಹೋದೆ. ಅದ್ ಸಿಕ್ಲಿಲ್ಲೆ. ಅಲ್ಲಿ ಯಾರೋ ಬಿಟ್ಟ್ ಹೋದ್ ಬೇರೆ ಮರಿ ಕೂಗ್ತಾ ಇದ್ದಿತ್ತ್. ಅದನ್ನೇ ತಂದೆ. ಇವತ್ತಿಗೂ ಹುಡ್ಕ್ತಾ ಇದ್ದೆ ಕಾಣಿ."

ಇಷ್ಟು ವರ್ಷ ಒಟ್ಟಿಗೆ ಬಾಳಿದವಳ ಎದೆಯಲ್ಲಿ ಒಂದು ಬೆಕ್ಕು ಕೂಗುತ್ತಲೇ ಇದ್ದದ್ದು ನನಗೆ ಕೇಳಿಸಿರಲಿಲ್ಲ. ಸ್ಕೂಟರ್ ಹತ್ತಿ ಮೀನು ತರಲು ಹೋದೆ.

ಊರು ಸುಧಾರಿಸಿತೇ ಎಂದು ನೀವು ಕೇಳಬಹುದು. ಸುಧಾರಿಸಿದೆ. ಮೊನ್ನೆ ಬೆಳಿಗ್ಗೆ ಹೋಗುವಾಗ ಗೇಟಿನ ಮುಂದೆ ಮತ್ತೊಂದು ಗೋಣಿ ಮಿಯಾಂವ್ ಎನ್ನುತ್ತಿತ್ತು. ಈ ಸಲ ಅದನ್ನು ಒಳಗಿನ ಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಇಟ್ಟಿದ್ದರು. ಅಷ್ಟರ ಮಟ್ಟಿಗೆ ನಾಚಿಕೆ ಬಂದಿದೆ, ಪ್ರಯೋಜನ ಕೇಳುವವರು ಗಮನಿಸಬೇಕು. ಸರೋಜ ಮರಿಗಳನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು. ಗೋಣಿಯಲ್ಲಿ ಯಾವ ಹೆಸರಿದೆ ಎಂದು ನೋಡಲು ನನ್ನ ಕೈ ತುರಿಸುತ್ತಿತ್ತು.

"ತಿರ್ಗ್ಸುದ್ ಬ್ಯಾಡ," ಎಂದಳು. "ರಾತ್ರಿ ಅವ್ರಿಗೂ ನಿದ್ರಿ ಬಂದಿರುದಿಲ್ಲೆ."

ಗೋಣಿಯನ್ನು ಹಾಗೇ ತೊಳೆದು, ಹೆಸರು ಒಳಗೇ ಇರುವಂತೆ, ನಾನೇ ತಂತಿಯ ಮೇಲೆ ಒಣಹಾಕಿದೆ.