ನಾಯನಮ್ಮನ ಮಾವಿನಹಣ್ಣಿನ ತಪ್ಪಲ್ಲ

ಸುಮಾ, ನಿನಗೆ ಸಕ್ಕರೆ ಕಾಯಿಲೆ ಬರಬಹುದೆಂದು ನನಗೆ ಗೊತ್ತಿತ್ತು. ಹನ್ನೊಂದು ತಿಂಗಳು ಮೊದಲೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ — ನಿನ್ನ ಅಪ್ಪನಿಗೂ.

ನಿನ್ನ ಅಣ್ಣ ರವಿಗೆ ಆಗಲೇ ದಿನಾ ಇನ್ಸುಲಿನ್ ಚುಚ್ಚುತ್ತಿದ್ದೆವು. ವಿಶಾಖಪಟ್ನದ ಅವನ ಡಾಕ್ಟರು, "ತಂಗಿಯ ರಕ್ತವನ್ನೂ ಒಮ್ಮೆ ನೋಡೋಣಮ್ಮಾ" ಎಂದರು. ಮೈ ತನ್ನ ಮೇಲೆ ತಾನೇ ಕಾದಾಡಲು ಹುಟ್ಟಿಸುವ ಆಟೋಆಂಟಿಬಾಡಿಗಳು ನಿನ್ನಲ್ಲೂ ಇವೆಯೇ ಎಂಬ ಪರೀಕ್ಷೆ ಅದು. ಇದ್ದವು — ಒಂದಲ್ಲ, ಎರಡು ಬಗೆಯವು. ನೀನು ಕುರ್ಚಿಯ ಮೇಲೆ ಕಾಲಾಡಿಸುತ್ತ ಕೊಂಡಪಲ್ಲಿ ಗೊಂಬೆಯ ಜೊತೆ ತೆಲುಗಿನಲ್ಲಿ ಹರಟುತ್ತಿದ್ದೆ. "ಈ ಪರೀಕ್ಷೆ ಕಾಯಿಲೆಯನ್ನು ತಡೆಯೋದಿಲ್ಲ. ಆದರೆ ಬಂದ ಕೂಡಲೇ ಹಿಡೀಬಹುದು. ನೀರು ಜಾಸ್ತಿ ಕುಡಿದರೆ, ಹಾಸಿಗೆ ಒದ್ದೆ ಮಾಡಿದರೆ, ಅವತ್ತೇ ರಕ್ತ ನೋಡಿಸಿ. ಮನೆಯವರಿಗೆಲ್ಲ ಹೇಳಿಡಿ," ಎಂದರು ಡಾಕ್ಟರು.

ಹೇಳಲಿಲ್ಲ. ರವಿಗೆ ಬಂದಾಗಲೇ, "ನಮ್ಮ ವಂಶದಲ್ಲಿ ಇಂಥದ್ದಿಲ್ಲ, ಆ ಕನ್ನಡದವರ ಕಡೆಯಿಂದ ಬಂತು" ಎಂದು ನಿನ್ನ ಸೋದರತ್ತೆಯರು ಆಡಿಕೊಂಡಿದ್ದರು. ಎರಡನೆಯದೂ ಹೀಗಾದರೆ, ಅದೂ ಹೆಣ್ಣು — ಹೆದರಿಬಿಟ್ಟೆ ಕಣೇ. ವರದಿಯನ್ನು ಮಡಿಚಿ ಸಿಂಹಾಚಲದ ಅಪ್ಪನ್ನಸ್ವಾಮಿಯ ಪಟದ ಹಿಂದೆ ಸಿಕ್ಕಿಸಿ, ನೀನೇ ನೋಡಿಕೋಪ್ಪಾ ಎಂದು ಕೈಮುಗಿದೆ.

ಬೇಸಿಗೆ ರಜೆಗೆ ನಿನ್ನನ್ನು ವಿಜಯವಾಡದಲ್ಲಿ ನಾಯನಮ್ಮನ ಬಳಿ, ನಿನ್ನ ಅಪ್ಪನ ಅಮ್ಮನ ಬಳಿ, ಬಿಟ್ಟುಬಂದೆ. ಅವರಿಗೂ ಹೇಳಲಿಲ್ಲ. ವಾರದ ಮೇಲೆ ಅವರ ಫೋನು ಬಂತು. "ಅಮ್ಮಾಯ್, ಪಿಲ್ಲ ಚೊಂಬುಗಟ್ಟಲೆ ನೀರು ಕುಡೀತಾಳೆ. ಹಾಸಿಗೆನೂ ಒದ್ದೆ ಮಾಡ್ಕೋತಾಳೆ. ಏನಾಗಿರಬಹುದು?"

ಇದೇ ಅದು — ಅಲ್ಲದೆ ಮತ್ತೇನು? "ವಿಜಯವಾಡದ ಬಿಸಿಲಲ್ವಾ ಅತ್ತಯ್ಯಾ, ಕುಡೀಲಿ ಬಿಡಿ," ಎಂದುಬಿಟ್ಟೆ. ನಿಜ ಹೇಳಿದರೆ ಇಷ್ಟು ದಿನ ಮುಚ್ಚಿಟ್ಟದ್ದೂ... ನಾನೇ ಹೋಗಿ ಸದ್ದಿಲ್ಲದೆ ತೋರಿಸಿದರಾಯಿತು ಎಂದುಕೊಂಡೆ. ರೈಲಿಗೆ ಟಿಕೆಟ್ಟು ಸಿಕ್ಕಿದ್ದು ಮೂರನೆಯ ದಿನಕ್ಕೆ. ಬಸ್ಸು ಇರಲಿಲ್ಲವೇ? ಇತ್ತು.

ಎರಡನೆಯ ದಿನವೇ ನೀನು ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ ಎಚ್ಚರ ತಪ್ಪಿದೆ. ನಾವು ಓಡಿಹೋದಾಗ ನೀನು ಐಸಿಯುನಲ್ಲಿದ್ದೆ. ನಾಯನಮ್ಮ ಹೊರಗಿನ ಬೆಂಚಿನ ಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದರು. "ದಿನಾ ನಾಲ್ಕು ನಾಲ್ಕು ರಸಾಲು ಮಾವಿನಹಣ್ಣು ತಿನ್ನಿಸಿದೆ. ಮಗೂನ ನಾನೇ ಹಾಳು ಮಾಡಿದೆನಮ್ಮಾ!" ನಿನ್ನ ಅಪ್ಪನೂ ಅವರ ಮೇಲೆ ಕೂಗಾಡಿದರು. ಹಣ್ಣಿನಿಂದ ಬಂದದ್ದಲ್ಲ, ಇದರ ಸುಳಿವು ಹನ್ನೊಂದು ತಿಂಗಳ ಹಿಂದೆಯೇ ನಿನ್ನ ರಕ್ತದಲ್ಲಿತ್ತು ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಅವರ ಬೆನ್ನು ಸವರಿದೆ — ಕ್ಷಮಿಸಿದವಳ ಹಾಗೆ. ಥೂ, ನನ್ನ ಜನ್ಮಕ್ಕಿಷ್ಟು!

ನೀನು ಬದುಕಿದೆ. ಅವರು ಸಾಯುವವರೆಗೂ ಮಾವಿನಹಣ್ಣು ಮುಟ್ಟಲಿಲ್ಲ.

ನಿನ್ನೆ ಫೋನಿನಲ್ಲಿ ನೀನು, "ನನ್ನ ಮಗುವಿಗೂ ಅದೇನೋ ಆಂಟಿಬಾಡಿ ಟೆಸ್ಟು ಮಾಡ್ಸಿ ಅಂತಾರಮ್ಮ. ಯಾಕೆ ಸುಮ್ನೆ ಭಯ? ನಾಯನಮ್ಮನ ಹಾಗೆ ಸಿಹಿ ತಿನ್ನಿಸದೇ ಇದ್ರೆ ಸಾಕಲ್ವಾ?" ಎಂದೆ. ಹ್ಞೂಂ ಎಂದು ಫೋನಿಟ್ಟೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಸಾಕಲ್ಲ, ಸುಮಾ. ಮಾಡಿಸು. ಏನೇ ಬರಲಿ, ಮಗುವನ್ನು ಎತ್ತಿಕೊಳ್ಳುವವರಿಗೆಲ್ಲ ಹೇಳು. ಭಯ ನನಗೆ ಈಗಲೂ ಇದೆ. ಪಟದ ಹಿಂದಿದ್ದ ವರದಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರ ತಾರೀಖು ನೋಡು. ಸಂಜೆ ನಿನ್ನ ಅಪ್ಪ ಬಂದಮೇಲೆ ನಾನೇ ಹೇಳುತ್ತೇನೆ — ಅವರ ಅಮ್ಮ ಏನೂ ತಪ್ಪು ಮಾಡಿರಲಿಲ್ಲ ಎಂದು.