ಅಲ್ಗನೆಶ್ ಅವರ ಹೊಗೆಯಿಲ್ಲದ ಕಾಫಿ

ದಿಲ್ಲಾ ಊರಿನ ನಮ್ಮ ಕೇರಿಯಲ್ಲಿ ಅಲ್ಗನೆಶ್ ಅವರನ್ನು ಎಲ್ಲರೂ ‘ಎತಿಯೆ’ ಅಂತಲೇ ಕರೆಯುವುದು, ದೊಡ್ಡಮ್ಮ ಅಂದ ಹಾಗೆ. ಗಂಡ ತೀರಿಕೊಂಡ ಮೇಲೆ ಊರಿನಲ್ಲಿ ಅವರಿಗಿದ್ದ ಬಳಗವೆಂದರೆ ಕಾಫಿಗೆ ಬರುವ ನಾವು ಹೆಂಗಸರೇ. ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಕೊಟ್ಟರೆ ಪಕ್ಕದ ಮನೆಯ ಜಗಳಗಂಟಿ ಮಮಿತೆಯೂ ಬಾಯಿ ಮುಚ್ಚಿಕೊಂಡು ಕುಡಿಯುತ್ತಿದ್ದಳು. ಅದು ಸಣ್ಣ ಮಾತಲ್ಲ.

ಆಮೇಲೆ ಅವರಿಗೆ ಕೆಮ್ಮು ಹಿಡಿಯಿತು, ಎರಡು ವರ್ಷವಾದರೂ ಬಿಡಲಿಲ್ಲ. ಇನ್ನು ಇದ್ದಲೊಲೆಯ ಹತ್ತಿರ ಸುಳಿಯಲೇಬೇಡಿ ಎಂದು ಡಾಕ್ಟರು ಗದರಿದರು. ಒಲೆ ಹಚ್ಚದಿದ್ದರೆ ಕಾಫಿ ಇಲ್ಲ, ಕಾಫಿ ಇಲ್ಲದಿದ್ದರೆ ಅವರ ಹೊಸ್ತಿಲು ತುಳಿಯುವವರು ಯಾರು? ಬೇರೆಯವರ ಮನೆಗೆ ಹೋಗೋಣವೆಂದರೆ ಅಲ್ಲೂ ಅದೇ ಹೊಗೆ. ಆ ದಿನಗಳಲ್ಲಿ ಅವರ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ಅಡಿಸ್ ಅಬಾಬದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರ ತಂಗಿಮಗಳು ಒಂದು ಫ್ರೆಂಚ್ ಪ್ರೆಸ್ ಕಳಿಸಿದಳು. ಗಾಜಿನ ಪಾತ್ರೆ, ಒಳಗೆ ಪುಡಿಯನ್ನು ತಳಕ್ಕೆ ಒತ್ತುವ ಜಾಲರಿ. ಮಣ್ಣಿನ ಹೂಜಿಗೆ ಒಗ್ಗದ ಕರೆಂಟ್ ಒಲೆಯಲ್ಲಿ ಬರೀ ನೀರು ಕಾಯಿಸಿದರಾಯಿತು. ಬೀಜ ಹುರಿಯುವುದು ನನ್ನ ಅಂಗಳದಲ್ಲಿ ಎಂದಾಯಿತು. ಎತಿಯೆ ಪದ್ಧತಿಯಂತೆ ನೆಲಕ್ಕೆ ಹಸಿ ಹುಲ್ಲು ಹಾಸಿ ನಮ್ಮನ್ನೆಲ್ಲ ಕರೆದರು. ಪುಡಿಯನ್ನು ಎಂದಿನಂತೆ ನುಣ್ಣಗೆ ಕುಟ್ಟಿದ್ದರು, ಜಾಲರಿ ಕಚ್ಚಿಕೊಂಡಿತು. ಮೈಭಾರ ಹಾಕಿ ಒತ್ತಿದ್ದೇ ತಡ, ಕಾಫಿ ಚಿಮ್ಮಿ ಅವರ ಬಿಳಿ ಉಡುಪಿನ ಮೇಲೆಲ್ಲ ಹಾರಿತು. ಉಳಿದದ್ದು ಕೆಸರು. ನಮ್ಮಲ್ಲಿ ಮೂರು ಸುತ್ತಿಗೂ ಒಂದೇ ಪುಡಿ, ಹಾಗಾಗಿ ಅದಕ್ಕೇ ಮತ್ತೆ ಮತ್ತೆ ನೀರು ಹೊಯ್ದರು. ಮೂರನೆಯದು ಬರಕಾ, ಕುಡಿದವರನ್ನು ಮನೆಯೊಡತಿ ಹರಸುವ ಆಶೀರ್ವಾದದ ಬಟ್ಟಲು. ಅದು ಪಾತ್ರೆ ತೊಳೆದ ನೀರಿನಂತಿತ್ತು. ಮಮಿತೆ ಅದನ್ನು ಹುಲ್ಲಿನ ಮೇಲೆ ಚೆಲ್ಲಿಬಿಟ್ಟಳು.

“ಇದನ್ನ ಆಶೀರ್ವಾದ ಅಂತೀರಾ ಎತಿಯೆ? ಇನ್ಮೇಲೆ ನನ್ನನ್ನ ಕರೀಬೇಡಿ,” ಅಂದು ಎದ್ದು ಹೋದಳು. ಬರಕಾ ಚೆಲ್ಲಿದವಳನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಮೈಯೆಲ್ಲ ಉರಿದುಹೋಯಿತು. ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಎತಿಯೆ ಅಳುತ್ತಾರೆಂದುಕೊಂಡೆ. ಅಳಲಿಲ್ಲ. ಮರುದಿನ ಒರಳು ಮುಂದಿಟ್ಟುಕೊಂಡು ಕೂತರು. ಈ ಸಲ ಪುಡಿ ದಪ್ಪ ರವೆಯಷ್ಟಾದಾಗಲೇ ಕೈ ನಿಲ್ಲಿಸಿದರು. ಕುದಿ ಇಳಿದ ನೀರು ಹೊಯ್ದು, ಮೇಲೆ ಕಟ್ಟಿದ ನೊರೆಯನ್ನು ಮರದ ಚಮಚದಲ್ಲಿ ಕದಡಿ, ಹೊತ್ತಿನ ಅಳತೆಗೆ ಮರಿಯಮ್ ತಾಯಿಯ ಪ್ರಾರ್ಥನೆ ಹೇಳತೊಡಗಿದರು. ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಒತ್ತಿದರೆ ಕಾಫಿ ಸಪ್ಪೆ, ಇನ್ನೊಂದು ಸಲ ಹೇಳುತ್ತ ಕೂತರೆ ಕಹಿ. ಪೂರ್ತಿ ಒಂದು ಸಲ ಹೇಳಿ ಮೆಲ್ಲಗೆ ಒತ್ತಿ, ಕೂಡಲೇ ಬಗ್ಗಿಸಿದರೆ ಹದ. ಆ ಹದ ಸಿಗಲು ಹಿಡಿದ ಅಷ್ಟೂ ದಿನ ರುಚಿ ನೋಡಿದವಳು ನಾನು, ನಿದ್ದೆಗೆಟ್ಟವಳೂ ನಾನೇ.

“ಇಷ್ಟು ವರ್ಷ ಎಲ್ಲಕ್ಕಿಂತ ತೆಳ್ಳಗಿನ ಕಾಫಿಯಲ್ಲೇ ಆಶೀರ್ವಾದ ಕೊಟ್ಟೆ ನೋಡೆ,” ಅಂದರು ಒಂದು ದಿನ. “ಇನ್ಮೇಲೆ ಬರಕಾಕ್ಕೇ ಹೊಸ ಪುಡಿ ಹಾಕೋದು.” ಅಜ್ಜಿ ಮುತ್ತಜ್ಜಿಯರ ಪದ್ಧತಿಯನ್ನು ಇಷ್ಟು ಸಲೀಸಾಗಿ ತಿರುಗಿಸಿದ ಹೆಂಗಸನ್ನು ನಾನು ಬೇರೆ ಕಂಡಿಲ್ಲ.

ಮಮಿತೆಯನ್ನು ಕರೆಯಲು ತಾವೇ ಹೋದರು. ನಾನು ಬೇಡವೆಂದೆ, ಕೇಳಬೇಕಲ್ಲ. ಬಾಗಿಲಲ್ಲಿ ಅವಳ ಒಲೆಯ ಹೊಗೆ ಕುಡಿಯುತ್ತ, ಕೆಮ್ಮುತ್ತ ನಿಂತರು. ಅವಳು ಮುಖ ಊದಿಸಿಕೊಂಡೇ ಬಂದಳು. ಮೊದಲೆರಡು ಬಟ್ಟಲನ್ನು ಗಟಗಟ ಕುಡಿದಿಟ್ಟಳು. ಮೂರನೆಯದನ್ನು ಮೂಸಿ ನೋಡಿ, ತಳ ಕಾಣುವವರೆಗೆ ಕುಡಿದಳು. ಎತಿಯೆ ಆಶೀರ್ವಾದ ಹೇಳತೊಡಗಿದರು. ಎರಡು ವರ್ಷದಿಂದ ಕೆಮ್ಮು ಅದನ್ನು ಅರ್ಧಕ್ಕೇ ನುಂಗುತ್ತಿತ್ತು. ಅಂದು ಒಬ್ಬೊಬ್ಬರ ಹೆಸರನ್ನೂ ಹಿಡಿದು ಪೂರ್ತಿ ಹೇಳಿದರು, ಮಮಿತೆಯ ಹೆಸರನ್ನೂ.

ಮಮಿತೆ ಬಟ್ಟಲನ್ನು ಕೆಳಗಿಟ್ಟಳು.

“ನಾಳೆ ಕಾಫಿ ನಮ್ಮನೇಲಿ,” ಅಂದಳು. “ನೀವು ಆ ಗಾಜಿನ ಪಾತ್ರೆ ತಗೊಂಡು ಬಂದು ಒಳಗೇ ಕೂರ್ಬೇಕು ಎತಿಯೆ. ನಾನು ಒಲೆ ಹಚ್ಚಲ್ಲ.”